ನಿಕಾನ್‌ನಿಂದ ಕ್ಯಾನನ್‌ಗೆ ಬಂದೆ, ಕೈ ಮಾತ್ರ ಇನ್ನೂ ಹಳೇ ಕಡೆಗೇ ತಿರುಗ್ತಿದೆ

ಕಾವೇರಿತೀರ:
ಎಲ್ರಿಗೂ ನಮಸ್ಕಾರ. ಎಂಟು ವರ್ಷ ನಿಕಾನ್ ಡಿ750 ಕ್ಯಾಮೆರಾ ಹಿಡಿದವ್ನು, ಎರಡು ತಿಂಗಳ ಹಿಂದೆ ಕ್ಯಾನನ್ ಆರ್6 ಮಾರ್ಕ್ 2 ತಗೊಂಡೆ, ಜೊತೆಗೆ 100-500 ಜೂಮ್ ಲೆನ್ಸ್. ಫೋಟೋ ಬಗ್ಗೆ ಮಾತೇ ಇಲ್ಲ, ಕೈ ಒಗ್ತಿಲ್ಲ ಅಷ್ಟೆ. ಹೋದ ಭಾನುವಾರ ರಂಗನತಿಟ್ಟಲ್ಲಿ ದೋಣೀಲಿದ್ದೆ, ಒಂದು ರಿವರ್ ಟರ್ನ್ ಹಕ್ಕಿ ಮೀನು ಕಚ್ಕೊಂಡು ಬಂಡೆ ಮೇಲಿದ್ದ ಜೋಡಿ ಹತ್ರ ಇಳೀತಾ ಇತ್ತು, ನಾನು ಜೂಮ್ ಇನ್ ಅನ್ಕೊಂಡು ರಿಂಗ್ ತಿರುಗಿಸಿದ್ರೆ ಔಟ್ ಆಗ್ಹೋಯ್ತು, ವಾಪಸ್ ತರೋಷ್ಟ್ರಲ್ಲಿ ಮೀನು ಆ ಕೊಕ್ಕಿಂದ ಈ ಕೊಕ್ಕಿಗೆ ಹೋಗಿತ್ತು. ತುಂಬಾ ಬೇಜಾರಾಯ್ತು. ಆನ್ ಮಾಡೋಕೂ ತೋರುಬೆರಳು ಶಟರ್ ಸುತ್ತಾನೇ ಹುಡುಕುತ್ತೆ, ನಿಕಾನ್‌ಲಿ ಸ್ವಿಚ್ ಅಲ್ಲೇ ಇತ್ತಲ್ಲ. ಇದೆಲ್ಲ ಮೆನೂಲಿ ಸರಿ ಹೋಗುತ್ತಾ? ಡಿ750 ಎರಡನೇ ಬಾಡಿಯಾಗಿ (ಕ್ಯಾಮೆರಾ ಆಗಿ) ಇಟ್ಕೊಳ್ಳಾ, ಮಾರ್ಲಾ?

ಹಕ್ಕಿಹಾದಿ:
ಸರ್, ಡಯಲ್ ತಿರುಗೋ ದಿಕ್ಕು ಮೆನೂಲಿ ಉಲ್ಟಾ ಮಾಡ್ಬಹುದು, ಮುಂದಿನ ಡಯಲ್ ಹಿಂದಿನ ಡಯಲ್ ಅದಲು ಬದಲೂ ಮಾಡ್ಬಹುದು. ಜೂಮ್ ರಿಂಗ್ ಮೆಕ್ಯಾನಿಕಲ್, ಅದಕ್ಕೆ ಸೆಟ್ಟಿಂಗ್ ಇಲ್ಲ, ಕೈಯೇ ಕಲೀಬೇಕು. ನಾನು ಸೈಕಲ್ ಟ್ಯೂಬಿಂದ ಕಡ್ಲೆಬೇಳೆ ಗಾತ್ರದ ತುಂಡು ಕತ್ತರಿಸಿ, ಲೆನ್ಸ್ 100ರಲ್ಲಿದ್ದಾಗ ಎಡಗೈ ಹೆಬ್ಬೆರಳಿಗೆ ಸಿಗೋ ಹಾಗೆ ರಿಂಗ್ ಮೇಲೆ ಅಂಟಿಸಿದ್ದೆ. ಉಬ್ಬು ಬೆರಳಿಗೆ ತಾಗಿದ್ರೆ ವೈಡ್‌ನಲ್ಲಿದೆ, ಅಂದ್ರೆ ಪೂರ್ತಿ ಜೂಮ್ ಔಟ್ ಆಗಿದೆ ಅಂತರ್ಥ, ಕಣ್ಣು ತೆಗೀದೇನೇ ಗೊತ್ತಾಗುತ್ತೆ. ದಿನಾ ಹತ್ತು ನಿಮಿಷ ತಾರಸಿ ಮೇಲೆ ಕಾಗೆ ಪಾರಿವಾಳದ ಫೋಟೋ ಹಿಡೀತಾ ಇದ್ದೆ, ಮೂರು ವಾರಕ್ಕೆ ಕೈ ತಾನೇ ಆ ಕಡೆ ಹೋಗೋಕೆ ಶುರುವಾಯ್ತು. ಎರಡೂ ಬಾಡಿ ಒಂದೇ ದಿನ ಹಿಡಿದ್ರೆ ಮಾತ್ರ ಕಲಿತಿದ್ದು ಮತ್ತೆ ಕೆಡುತ್ತೆ, ನನ್ ಕೇಳಿದ್ರೆ ಮಾರಿಬಿಡಿ.

ಎಡಗಣ್ಣು:
ಮಾರ್ಬೇಡಿ ಸರ್. ಡಿ750ಗೆ ಒಂದು 50 ಪ್ರೈಮ್ (ಜೂಮ್ ಆಗದ ಲೆನ್ಸ್) ಹಾಕಿಟ್ರೆ ಜೂಮ್ ರಿಂಗೇ ಇರಲ್ಲ, ಗೊಂದಲವೂ ಇಲ್ಲ, ಕಸ್ಟಮ್ ಸೆಟ್ಟಿಂಗಲ್ಲಿ ಅದರ ಡಯಲ್‌ಗಳನ್ನೂ ಹೊಸ ಕ್ಯಾಮೆರಾ ಥರಾನೇ ತಿರುಗಿಸ್ಕೊಬಹುದು. ಫೋಕಸ್ ಹೆಬ್ಬೆರಳಲ್ಲಿ ಮಾಡ್ತೀರಾ? ಡಿ750ಲಿ ಅದಕ್ಕೆ ಪ್ರತ್ಯೇಕ ಎಎಫ್-ಆನ್ ಬಟನ್ ಇಲ್ಲ, ಎಇ-ಎಲ್/ಎಎಫ್-ಎಲ್ ಅನ್ನೋ ಬಟನ್‌ಗೆ ಆ ಕೆಲಸ ಕೊಡ್ಬೇಕು, ಆರ್6ಲಿ ಇದ್ದೇ ಇದೆ, ಶಟರ್ ಅರ್ಧ ಒತ್ತಿದ್ರೆ ಬರೀ ಮೀಟರಿಂಗ್ (ಬೆಳಕು ಅಳೆಯೋದು) ಅಂತ ಇಟ್ಕೊಳ್ಳಿ. ಇನ್ನೊಂದು, ನೀವೂ ನನ್ ಥರ ಎಡಗಣ್ಣಲ್ಲಿ ವ್ಯೂಫೈಂಡರ್ ನೋಡೋದಾದ್ರೆ ಮೂಗು ಸ್ಕ್ರೀನ್‌ಗೆ ತಾಗಿ ಫೋಕಸ್ ಪಾಯಿಂಟ್ ಎಲ್ಲೆಲ್ಲೋ ಓಡುತ್ತೆ. ಟಚ್ ಅಂಡ್ ಡ್ರ್ಯಾಗ್ (ಸ್ಕ್ರೀನ್ ಮುಟ್ಟಿ ಪಾಯಿಂಟ್ ಸರಿಸೋದು) ಪೂರ್ತಿ ಆಫ್ ಮಾಡಿ.

ಕಾವೇರಿತೀರ:
ಅಯ್ಯೋ, ಮೂಗಿನ ವಿಷ್ಯ ನಿಜ! ಪಾಯಿಂಟ್ ಯಾಕೆ ಮೂಲೆಗೆ ಹೋಗುತ್ತೆ ಅಂತ ಎರಡು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ, ಈಗಷ್ಟೇ ಆಫ್ ಮಾಡ್ದೆ. ಟ್ಯೂಬ್ ತುಂಡು ನಾಳೆ ಪಂಕ್ಚರ್ ಅಂಗಡೀಲಿ ಕೇಳ್ತೀನಿ. ಲೆನ್ಸ್ ಹಾಕೋದೂ ಉಲ್ಟಾ ಅಲ್ವಾ, ನಿಕಾನ್ ಮುಂದಿಂದ ನೋಡಿದ್ರೆ ಎಡಕ್ಕೆ ತಿರುಗಿಸಿ ಹಾಕೋದು, ಕ್ಯಾನನ್ ಬಲಕ್ಕೆ, ದೋಣೀಲಿ ಲೆನ್ಸ್ ಬದಲಾಯಿಸೋಕೆ ಭಯ ಆಗುತ್ತೆ.

ಹಕ್ಕಿಹಾದಿ:
ದೋಣೀಲಿ ಬೇಡ್ವೇ ಬೇಡ ಸರ್, ದಡದಲ್ಲೇ ಹಾಕ್ಕೊಂಡು ಹತ್ತಿ. ಹಾಕಿದ್ಮೇಲೆ ಕ್ಲಿಕ್ ಅನ್ನೋ ಸದ್ದು ಕೇಳಿಸ್ಲೇಬೇಕು, ಆಮೇಲೆ ಒಂದ್ಸಲ ಮೆಲ್ಲಗೆ ಹಿಂದಕ್ಕೆ ತಿರುಗಿಸಿ ನೋಡಿ, ಅಲ್ಲಾಡದಿದ್ರೆ ಸರಿ ಕೂತಿದೆ.