ಸಹಾಯ ಬೇಕು: ಲಿವರ್ ಗಡ್ಡೆಗೆ ಮೈಕ್ರೋವೇವ್ ಅಬ್ಲೇಶನ್ ಮಾಡಿಸಿದವರು ಇದ್ದೀರಾ?

ನಮ್ಮ ಮಾವನವರಿಗೆ ಲಿವರ್‌ನಲ್ಲಿ ಎರಡೂವರೆ ಸೆಂ.ಮೀ. ಕ್ಯಾನ್ಸರ್ ಗಡ್ಡೆ ಇದೆ. ಸಿರೋಸಿಸ್ (ಲಿವರ್ ಗಾಯದ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಬೇರೆ ಇರುವುದರಿಂದ ಆಪರೇಶನ್ ಬೇಡ, ಸೂಜಿ ಹಾಕಿ ಶಾಖ ಕೊಟ್ಟು ಸುಡೋಣ ಅಂದಿದ್ದಾರೆ ಡಾಕ್ಟರ್. 3 ಸೆಂ.ಮೀ. ಒಳಗಿನ ಗಡ್ಡೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಕ್ಯಾನ್ ನೋಡಿಕೊಂಡೇ ಸೂಜಿಯ ತುದಿಯನ್ನು ಗಡ್ಡೆಯೊಳಗೆ ಇಟ್ಟು 60 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುತ್ತಾರೆ, ಸುತ್ತಲಿನ ಸ್ವಲ್ಪ ಒಳ್ಳೆ ಭಾಗವನ್ನೂ ಸೇರಿಸಿಯೇ ಸುಡುತ್ತಾರೆ. ನಮ್ಮ ಭಯ ಒಂದೇ. ಗಡ್ಡೆ ಇರುವುದು ದೊಡ್ಡ ರಕ್ತನಾಳದ ಪಕ್ಕ. ಹರಿಯುವ ರಕ್ತ ಶಾಖವನ್ನು ಎಳೆದುಕೊಂಡು ಹೋಗುತ್ತದೆ ಅಲ್ವಾ, ಅಂಚಿನಲ್ಲಿ ಚೂರು ಉಳಿದುಬಿಟ್ಟರೆ? ಅದಕ್ಕೇ ರೇಡಿಯೋಫ್ರೀಕ್ವೆನ್ಸಿ (ಸೂಜಿಯಲ್ಲಿ ಕರೆಂಟ್ ಹರಿಸಿ ಸುಡುವ ವಿಧಾನ) ಬಿಟ್ಟು, ರಕ್ತದ ಹರಿವಿಗೆ ಅಷ್ಟಾಗಿ ತಣಿಯದ ಮೈಕ್ರೋವೇವ್ ಆರಿಸಿದ್ದಾರೆ.

ಬೆಂಗಳೂರಿನಲ್ಲಿ ಮಾಡಿಸಿದವರು ಹೇಳಿ: ನೋವು, ಜ್ವರ ಎಷ್ಟು ದಿನ ಇತ್ತು, ಆಮೇಲಿನ ಸ್ಕ್ಯಾನ್‌ನಲ್ಲಿ ಏನು ಬಂತು, ಆಯುಷ್ಮಾನ್ ಕಾರ್ಡ್ ನಡೆಯಿತಾ? ಕಷಾಯದ ಸಲಹೆ ಮಾತ್ರ ಬೇಡ ಪ್ಲೀಸ್, ಅದು ನೆಂಟರಿಂದ ಬೇಕಾದಷ್ಟು ಬರುತ್ತಿದೆ.