ಸಹಾಯ ಬೇಕು: ಹಳೇ ಗಂಜೀಫಾ ಎಲೆಗೆ (ಕೈಯಲ್ಲಿ ಚಿತ್ರ ಬರೆದ, ಇಸ್ಪೀಟಿನಂಥ ಆಟದ ಎಲೆ) ಮನೆತನದ ಗುರುತು ಎಲ್ಲಿರುತ್ತಿತ್ತು?

ನಮಸ್ಕಾರ. 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟ ಕಾಲದ ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ಅಗ್ರಹಾರದ ಎರಡು ಮನೆಗಳಿಗೆ ತಲೆಮಾರುಗಳ ಹಗೆ. ಹುಡುಗಿ ಮನೆಯ ದಶಾವತಾರ ಗಂಜೀಫಾದಲ್ಲಿ (ಅವತಾರಕ್ಕೊಂದು ಗುಂಪು) 120 ಎಲೆ ಇರಬೇಕು, ರಾಮನ ಗುಂಪಿನ ಮಂತ್ರಿ ಎಲೆ ಒಂದೇ ಇಲ್ಲ. ಅದು ಹುಡುಗನ ಅಜ್ಜಿಯ ಬೀಟೆ ಪೆಟ್ಟಿಗೆಯಲ್ಲಿ ಸಿಗುತ್ತದೆ. ಗುಂಡನೆಯ ಎಲೆ, ಅಂಚು ಸವೆದಿದ್ದರೂ ಅರಗಿನ ಹೊಳಪು ಮಾಸಿಲ್ಲ. ಈ ದೃಶ್ಯ ಬಿಡೋಕೆ ನನಗೆ ಮನಸ್ಸೇ ಇಲ್ಲ.

ಆದರೆ ಅದು ತಮ್ಮ ಮನೆಯದೇ ಅಂತ ಅವಳಿಗೆ ಗೊತ್ತಾಗೋದು ಹೇಗೆ? ಕೈಯಲ್ಲಿ ಬರೆದ ಗುರುತು ಒಂದರಂತೆ ಇನ್ನೊಂದು ಇರೋದಿಲ್ಲ. ಹಾಗಾಗಿ ಅದನ್ನು ಎಲೆಯ ಹಿಂಬದಿಗೆ ಹಾಕಿದರೆ ಆಟದಲ್ಲಿ ಯಾವ ಎಲೆ ಅಂತ ಗೊತ್ತಾಗಿಬಿಡುತ್ತೆ, ಅಲ್ವಾ? ಲೈಬ್ರರಿಯಲ್ಲಿ ಹುಡುಕಿದೆ, ಹಳೇ ಸಾಮಾನಿನ ಅಂಗಡಿಯವರನ್ನೂ ಕೇಳಿದೆ, ಪ್ರಯೋಜನವಾಗಲಿಲ್ಲ.

ಮನೆಯಲ್ಲಿ ಹಳೇ ಸೆಟ್ ಇರುವವರು ದಯವಿಟ್ಟು ನೋಡಿ ಹೇಳಿ: ಮನೆತನದ ಗುರುತು ಎಲೆಯ ಚಿತ್ರದಲ್ಲೇ ಇದೆಯಾ, ಬರೀ ಪೆಟ್ಟಿಗೆ ಮೇಲಾ?