‘ತಿರುಚಿದ’ ಗ್ರಾಫೀನೋ, ‘ತಿರುಗಿಸಿಟ್ಟ’ ಗ್ರಾಫೀನೋ?

ಪ್ರಶ್ನೆ: ‘ಟ್ವಿಸ್ಟೆಡ್ ಬೈಲೇಯರ್ ಗ್ರಾಫೀನ್’ ಎಂಬುದಕ್ಕೆ ‘ತಿರುಚಿದ ಜೋಡಿಪದರ ಗ್ರಾಫೀನ್’ ಎಂದು ಬರೆಯಬಹುದೇ? ‘ಎಲೆಕ್ಟ್ರಾನ್ ಟ್ರಾನ್ಸ್‌ಪೋರ್ಟ್’ಗೆ ‘ಸಾಗಣೆ’ ಹೊಂದುತ್ತದೆಯೇ? ತಿಳಿದವರು ಹೇಳಬೇಕು.

ಉತ್ತರ: ‘ತಿರುಚು’ ಬೇಡ. ಕೈ ತಿರುಚಿದರೆ ನೋಯುತ್ತದೆ, ಹೇಳಿಕೆ ತಿರುಚಿದರೆ ಅರ್ಥ ಕೆಡುತ್ತದೆ. ಕೆಡಿಸುವ ಭಾವ ಆ ಪದದೊಳಗೇ ಇದೆ. ಗ್ರಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಇಲ್ಲಿ ಅಂಥ ಒಂದು ಹಾಳೆಯ ಮೇಲೆ ಇನ್ನೊಂದನ್ನು ತುಸು ತಿರುಗಿಸಿ ಕೂರಿಸುತ್ತಾರೆ, ಅಷ್ಟೆ. ಬೀಸುವ ಕಲ್ಲಿನ ಮೇಲಿನ ಕಲ್ಲನ್ನು ತಿರುಗಿಸುತ್ತೇವೆ, ತಿರುಚುವುದಿಲ್ಲ.

ಕೆಲಸ ನಡೆಯುವ ಬಗೆ ನೋಡಿ. ಒಂದೇ ಗ್ರಾಫೀನ್ ಹಾಳೆಯನ್ನು ಎರಡು ಮಾಡುತ್ತಾರೆ. ಪಾಲಿಮರ್‌ಗೆ ಅಂಟಿದ ಬೋರಾನ್ ನೈಟ್ರೈಡ್ ಎಂಬ ತೆಳು ಹರಳಿನ ಚೂರಿನಿಂದ ಮೊದಲ ಅರ್ಧವನ್ನು ಎತ್ತಿ, ಉಳಿದರ್ಧ ಕೂತಿರುವ ಪೀಠವನ್ನು ತಿರುಗಿಸಿ, ಅದನ್ನೂ ಮೇಲಕ್ಕೆತ್ತಿಕೊಳ್ಳುತ್ತಾರೆ. ಎರಡೂ ಒಂದೇ ಹರಳಿನ ತುಂಡುಗಳಾದ್ದರಿಂದ ಕೋನದ ಎಣಿಕೆ ಸೊನ್ನೆಯಿಂದಲೇ ಶುರು. ಬೇಕಾದ ಕೋನ ಸುಮಾರು 1.1 ಡಿಗ್ರಿ. ಅಮೆರಿಕದ ಎಂಐಟಿ ಸಂಸ್ಥೆಯ ತಂಡವೊಂದು ಸುಮಾರು 1.7 ಕೆಲ್ವಿನ್‌ನಲ್ಲಿ ಅತಿವಾಹಕತೆ (ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ಗುಣ) ಕಂಡಿದ್ದಾಗಿ 2018ರಲ್ಲಿ ಪ್ರಕಟಿಸಿದ್ದು ಈ ಕೋನದ ಆಸುಪಾಸಿನಲ್ಲೇ. ಬಿಸಿ ತಾಗಿದರೆ ಪದರ ಹೊರಳಿ ಕೋನ ಸೊನ್ನೆಯತ್ತ ಜಾರಬಹುದು. ಅದಕ್ಕೇ ತುಸು ಹೆಚ್ಚು ತಿರುಗಿಸಿಡುವ ರೂಢಿಯಿದೆ. ಗುಳ್ಳೆ, ಸುಕ್ಕು ಬಂದಲ್ಲಿ ಮಾತ್ರ ಹಾಳೆ ನಿಜಕ್ಕೂ ಸೊಟ್ಟಗಾಗುತ್ತದೆ, ಕೋನ ಒಂದೇ ತುಣುಕಿನೊಳಗೆ ಅಲ್ಲಲ್ಲಿ ಬೇರೆಯಾಗುತ್ತದೆ. ‘ತಿರುಚು’ ಈ ದೋಷಕ್ಕೆ ಮೀಸಲಿರಲಿ. ಬೇಕೆಂದೇ ಮಾಡಿದ್ದಕ್ಕೂ ಕೆಟ್ಟದ್ದಕ್ಕೂ ಒಂದೇ ಪದವಾದರೆ ಓದುವವರು ಎಡವುತ್ತಾರೆ.

‘ತಿರುಗುವ ಪದರ’ ಎಂದರೂ ತಪ್ಪು, ಅದು ಇನ್ನೂ ಸುತ್ತುತ್ತಿರುವಂತೆ ಕೇಳುತ್ತದೆ. ‘ತಿರುಗಿಸಿಟ್ಟ’ ಎಂಬಲ್ಲಿನ ‘ಇಟ್ಟ’ ಆ ಗೊಂದಲ ಕಳೆಯುತ್ತದೆ. ಕೋನಕ್ಕೆ ‘ತಿರುವುಕೋನ’ ಎನ್ನಿ.

ಅನುಮಾನವಿದ್ದರೆ ಎರಡು ಪಾರದರ್ಶಕ ಹಾಳೆಗಳ ಮೇಲೆ, ಪಕ್ಕಪಕ್ಕದ ಕಣ್ಣುಗಳ ನಡುಗಳಿಗೆ 2 ಮಿ.ಮೀ. ಅಂತರ ಬರುವಂತೆ ಜೇನುಗೂಡಿನ ಜಾಲ ಮುದ್ರಿಸಿ ಒಂದರ ಮೇಲೊಂದಿಡಿ. ಮೇಲಿನದನ್ನು 5 ಡಿಗ್ರಿ ತಿರುಗಿಸಿದರೆ ಸುಮಾರು 23 ಮಿ.ಮೀ.ಗೊಂದರಂತೆ ಮಚ್ಚೆಗಳು ಮೂಡುತ್ತವೆ. ಇದೇ ಮ್ವಾರೆ ವಿನ್ಯಾಸ. ಕೋನ ಕುಗ್ಗಿದಷ್ಟೂ ಮಚ್ಚೆಗಳ ಅಂತರ ಹಿಗ್ಗುತ್ತದೆ: 1.1 ಡಿಗ್ರಿಗೆ 10 ಸೆಂ.ಮೀ. ದಾಟುತ್ತದೆ. ಗ್ರಾಫೀನ್‌ನಲ್ಲಿ ಕಣ್ಣುಗಳ ಅಂತರ 0.246 ನ್ಯಾನೋಮೀಟರ್, ಅಲ್ಲಿ ಇದೇ ಕೋನಕ್ಕೆ ಮಚ್ಚೆಗಳ ಅಂತರ ಸುಮಾರು 13 ನ್ಯಾನೋಮೀಟರ್. ಹಾಳೆ ಎಲ್ಲೂ ತಿರುಚಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ.

‘ಸಾಗಣೆ’ ಲಾರಿಯ ಸರಕಿಗೆ ಸರಿ. ಉಷ್ಣವಹನ, ವಾಹಕ, ಅತಿವಾಹಕ ಆಗಲೇ ಬಳಕೆಯಲ್ಲಿರುವಾಗ ‘ಎಲೆಕ್ಟ್ರಾನ್ ವಹನ’ ಅದೇ ಬಳಗಕ್ಕೆ ಸೇರಿಕೊಳ್ಳುತ್ತದೆ. ‘ಮೊಬಿಲಿಟಿ’ಗೆ (ಎಲೆಕ್ಟ್ರಾನ್ ಎಷ್ಟು ಸಲೀಸಾಗಿ ಚಲಿಸುತ್ತದೆ ಎಂಬ ಅಳತೆಗೆ) ಮಾತ್ರ ‘ವಹನ’ ಬಳಸಬೇಡಿ, ಅದು ‘ಚಲನಶೀಲತೆ’.